ಆಡಿಯೊ ಫೈಲ್ ಓದುವುದು, ಬರೆಯುವುದು, ಬದಲಿಸುವುದು: ಲೈಬ್ರರಿಗಳ ಸಮಗ್ರ ಮಾರ್ಗದರ್ಶಿ

ಮೊದಲ ಸಲ ವೇವ್ ಫೈಲ್ ಓದುವ ಪ್ರೋಗ್ರಾಂ ಬರೆದಾಗ ನಾನು ಯಾವ ಲೈಬ್ರರಿಯನ್ನೂ ಮುಟ್ಟಿರಲಿಲ್ಲ. ಮೊದಲ 44 ಬೈಟ್ ಹೆಡರ್ (ಫೈಲಿನ ಬಗೆಗಿನ ಮಾಹಿತಿ), ಆಮೇಲೆ ಇರುವುದೆಲ್ಲ ಧ್ವನಿ ಅಂತ ಎಲ್ಲೋ ಓದಿದ್ದೆ. 44 ಬೈಟ್ ಹಾರಿಸಿದೆ, ಉಳಿದದ್ದನ್ನು 16 ಬಿಟ್ ಸಂಖ್ಯೆಗಳು ಅಂತ ಓದಿದೆ. ಕೆಲಸ ಮಾಡಿತು. ಎಷ್ಟೋ ವಾರ ಮಾಡಿತು. ಆಮೇಲೆ ಒಂದು ದಿನ ಫೀಲ್ಡ್ ರೆಕಾರ್ಡರಿನಿಂದ ಬಂದ ಫೈಲುಗಳನ್ನು ಅದಕ್ಕೆ ಕೊಟ್ಟೆ. ಪ್ರತಿ ಫೈಲಿನ ಶುರುವಿನಲ್ಲೂ 'ಟಪ್' ಅಂತ ಜೋರು ಸದ್ದು. ಮೈಕ್ ಕೆಟ್ಟಿರಬೇಕು ಅಂದುಕೊಂಡೆ. ಕೇಬಲ್ ಬದಲಿಸಿದೆ. ಏನೂ ಆಗಲಿಲ್ಲ.

ಕೊನೆಗೆ ಹೆಕ್ಸ್ ಎಡಿಟರಿನಲ್ಲಿ ಫೈಲ್ ತೆರೆದು ನೋಡಿದಾಗ ಗುಟ್ಟು ಸಿಕ್ಕಿತು. ಅದು ಬ್ರಾಡ್‌ಕಾಸ್ಟ್ ವೇವ್ ಫೈಲ್. ಧ್ವನಿಗಿಂತ ಮೊದಲು 'ಬೆಕ್ಸ್ಟ್' ಅನ್ನುವ ಚಂಕ್ (ಫೈಲಿನೊಳಗಿನ ಹೆಸರಿಟ್ಟ ತುಂಡು) ಕೂತಿತ್ತು. ಚಂಕಿನ ಹೆಸರು, ಅಳತೆ ಸೇರಿ 8 ಬೈಟ್, ಒಳಗಿನದು 602 ಬೈಟ್, ಒಟ್ಟು 610. ನನ್ನ ಪ್ರೋಗ್ರಾಂ 44 ಬೈಟ್ ಮಾತ್ರ ಹಾರಿಸಿ, ಹೆಡರಿನ ಉಳಿದ 610 ಬೈಟನ್ನು ಧ್ವನಿ ಅಂತಲೇ ನುಡಿಸುತ್ತಿತ್ತು. ಅಂದರೆ 305 ಸ್ಯಾಂಪಲ್ (ಒಂದೊಂದು ಕ್ಷಣದ ಧ್ವನಿಯನ್ನು ಅಳೆದ ಸಂಖ್ಯೆ). 48000 ಹರ್ಟ್ಸ್ ಮೋನೊದಲ್ಲಿ 6 ಮಿಲಿಸೆಕೆಂಡಿಗೆ ಸ್ವಲ್ಪ ಜಾಸ್ತಿ. ಅದರಲ್ಲಿ ರೆಕಾರ್ಡರಿನ ಹೆಸರು, ತಾರೀಕು ಎಲ್ಲ ಅಕ್ಷರಗಳಾಗಿ ಇದ್ದವು. ಇಂಗ್ಲಿಷಿನ ಸಣ್ಣ 'ಎ' ಅಕ್ಷರ ಎರಡು ಸಲ ಜೊತೆಗೆ ಬಂದರೆ 16 ಬಿಟ್ ಸಂಖ್ಯೆಯಾಗಿ ಅದು 24929. ಗರಿಷ್ಠ ಇರುವುದೇ 32767. ಟಪ್ ಅನ್ನದೆ ಇನ್ನೇನು ಮಾಡುತ್ತದೆ?

ಲೈಬ್ರರಿ ಬಳಸಿ ಅಂತ ಹೇಳುವುದಕ್ಕೆ ಇಷ್ಟು ಸಾಕು. ಆದರೆ ಲೈಬ್ರರಿ ಬಳಸಿದ ಮೇಲೂ ಜನ ಎಡವುತ್ತಾರೆ. ಎಡವುವುದು ಫೈಲ್ ತೆರೆಯುವಾಗ ಅಲ್ಲ. ಒಂದು ರೂಪದಿಂದ ಇನ್ನೊಂದಕ್ಕೆ ದಾಟುವಾಗ: ಪೂರ್ಣಾಂಕದಿಂದ ಫ್ಲೋಟಿಗೆ (ದಶಮಾಂಶ ಸಂಖ್ಯೆಗೆ), ಸೆಕೆಂಡಿಗೆ 44100 ಸ್ಯಾಂಪಲ್ ಇರುವುದರಿಂದ 48000 ಇರುವುದಕ್ಕೆ, ವೇವ್‌ನಿಂದ ಎಂಪಿ3ಗೆ. ಹಾಗಾಗಿ ದಾಟುವ ಜಾಗಗಳಲ್ಲೇ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಫಂಕ್ಷನ್ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ, ಲೈಬ್ರರಿಯ ದಾಖಲೆಯಲ್ಲಿ ಹುಡುಕಿದರೆ ಸುಲಭವಾಗಿ ಗುರುತು ಹತ್ತುತ್ತದೆ.

ಹಂತ 1: ಕೈಯಲ್ಲಿರುವ ಫೈಲ್ ಏನು ಅಂತ ಮೊದಲು ನೋಡಿ

ಫೈಲಿನ ಹೆಸರಿನ ಕೊನೆಯಲ್ಲಿರುವುದನ್ನು ನಂಬಬೇಡಿ. ವೇವ್ ಅನ್ನುವುದು ಬರೀ ಡಬ್ಬಿ. ಮೈಕ್ರೋಸಾಫ್ಟ್ ಮತ್ತು ಐಬಿಎಂ 1991ರಲ್ಲಿ ತಂದ ಈ ಡಬ್ಬಿಯೊಳಗೆ 8 ಬಿಟ್, 16, 24, 32 ಬಿಟ್ ಪೂರ್ಣಾಂಕ, ಫ್ಲೋಟ್, ಎ-ಲಾ, ಮ್ಯೂ-ಲಾ, ಎಡಿಪಿಸಿಎಂ ಥರದ ಕುಗ್ಗಿಸಿದ ರೂಪಗಳು, ಏನು ಬೇಕಾದರೂ ಇರಬಹುದು.

ಟರ್ಮಿನಲ್‌ನಲ್ಲಿ ಮೂರು ಸಣ್ಣ ಸಾಧನಗಳಿವೆ: ಲಿಬ್‌ಸೌಂಡ್‌ಫೈಲ್ ಜೊತೆ ಬರುವ ಸೌಂಡ್‌ಫೈಲ್-ಇನ್ಫೋ, ಸಾಕ್ಸ್ ಜೊತೆ ಬರುವ ಸಾಕ್ಸಿ, ಎಫ್‌ಎಫ್‌ಎಂಪೆಗ್ ಜೊತೆ ಬರುವ ಎಫ್‌ಎಫ್‌ಪ್ರೋಬ್. ಯಾವುದಾದರೂ ಒಂದಕ್ಕೆ ಫೈಲಿನ ಹೆಸರು ಕೊಡಿ. ನಾಲ್ಕು ಸಂಗತಿ ಬರೆದುಕೊಳ್ಳಿ: ಸ್ಯಾಂಪಲ್ ರೇಟ್ (ಒಂದು ಚಾನೆಲ್ಲಿಗೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್), ಚಾನೆಲ್ ಎಷ್ಟು, ಸ್ಯಾಂಪಲ್ ರೂಪ ಯಾವುದು, ಒಟ್ಟು ಫ್ರೇಮ್ ಎಷ್ಟು. ಕೊನೆಯದನ್ನು ಮರೆಯಬೇಡಿ. ಪರೀಕ್ಷೆ ಮಾಡುವ ಹೊತ್ತಿಗೆ ಅದು ಬೇಕೇ ಬೇಕು.

ಇಲ್ಲೇ ಒಂದು ಪದ ಸರಿಮಾಡಿಕೊಳ್ಳೋಣ. ಫ್ರೇಮ್ ಅಂದರೆ ಒಂದು ಕ್ಷಣದಲ್ಲಿ ಎಲ್ಲ ಚಾನೆಲ್‌ಗಳ ಒಂದೊಂದು ಸ್ಯಾಂಪಲ್ ಸೇರಿದ ಗುಂಪು. ಸ್ಟೀರಿಯೊದಲ್ಲಿ ಒಂದು ಫ್ರೇಮಿಗೆ ಎರಡು ಸ್ಯಾಂಪಲ್. ಸಿಡಿ ಗುಣಮಟ್ಟದಲ್ಲಿ ಸೆಕೆಂಡಿಗೆ 44100 ಫ್ರೇಮ್, 88200 ಸ್ಯಾಂಪಲ್, 176400 ಬೈಟ್. ಈ ಮೂರು ಸಂಖ್ಯೆಗಳನ್ನು ಕಲಸುವುದೇ ಈ ಕ್ಷೇತ್ರದ ಅರ್ಧಕ್ಕರ್ಧ ಬಗ್‌ಗಳಿಗೆ ಕಾರಣ ಅಂತ ನನ್ನ ಅನುಭವ. ಧ್ವನಿ ಎರಡು ಪಟ್ಟು ವೇಗವಾಗಿ ಓಡಿತೇ, ಅರ್ಧಕ್ಕೇ ನಿಂತಿತೇ? ಮೊದಲು ಇಲ್ಲಿ ನೋಡಿ.

ಹಂತ 2: ಲೈಬ್ರರಿ ಆರಿಸುವುದು

ಸಿ ಅಥವಾ ಸಿ++ ಬರೆಯುವವರಿಗೆ ನನ್ನ ಮೊದಲ ಸಲಹೆ ಲಿಬ್‌ಸೌಂಡ್‌ಫೈಲ್. ನಿಜವಾದ ಹೆಸರಿನಲ್ಲಿ 'ಸೌಂಡ್' ಪದದ ಸ್ವರಗಳನ್ನು ಬಿಟ್ಟು ಎಸ್, ಎನ್, ಡಿ ಅಂತ ಮೂರೇ ಅಕ್ಷರ ಇಟ್ಟಿದ್ದಾರೆ, ಹುಡುಕುವಾಗ ನೆನಪಿರಲಿ. ಎರಿಕ್ ಡಿ ಕ್ಯಾಸ್ಟ್ರೊ ಲೋಪೊ ಬರೆದದ್ದು. ವೇವ್, ಎಐಎಫ್‌ಎಫ್, ಎಯು, ಫ್ಲಾಕ್, ಆಗ್ ವೋರ್ಬಿಸ್, ಓಪಸ್ ಎಲ್ಲವನ್ನೂ ಒಂದೇ ಥರದ ಫಂಕ್ಷನ್‌ಗಳಲ್ಲಿ ಓದಬಹುದು, ಬರೆಯಬಹುದು. 2022ರ 1.1.0 ಆವೃತ್ತಿಯಿಂದ ಎಂಪಿ3 ಕೂಡ ಸೇರಿದೆ. ಲೈಸೆನ್ಸ್ ಎಲ್‌ಜಿಪಿಎಲ್. ಹಾಗಾಗಿ ಮೂಲ ಕೋಡ್ ಹೊರಗೆ ಕೊಡದ ಪ್ರೋಗ್ರಾಂನಲ್ಲಿ ಬಳಸುವುದಾದರೆ ಡೈನಮಿಕ್ ಲಿಂಕ್ ಮಾಡುವುದು (ಲೈಬ್ರರಿಯನ್ನು ಬೇರೆ ಫೈಲಾಗಿಯೇ ಇಟ್ಟು, ಓಡುವಾಗ ಸೇರಿಸುವುದು) ಸುಲಭದ ದಾರಿ.

ಬರೀ ವೇವ್ ಸಾಕು, ಬಿಲ್ಡ್ ತಲೆನೋವು ಬೇಡ ಅನ್ನುವವರಿಗೆ ಡಿಆರ್_ವೇವ್ ಇದೆ. ಒಂದೇ ಹೆಡರ್ ಫೈಲ್. ಪ್ರಾಜೆಕ್ಟಿಗೆ ನಕಲು ಮಾಡಿ ಹಾಕಿದರೆ ಮುಗಿಯಿತು. ಅದೇ ಮನೆಯವು ಡಿಆರ್_ಫ್ಲಾಕ್, ಡಿಆರ್_ಎಂಪಿ3. ಪಬ್ಲಿಕ್ ಡೊಮೇನ್ ಅಥವಾ ಅಷ್ಟೇ ಸಡಿಲವಾದ ಲೈಸೆನ್ಸ್ ಇರುವುದರಿಂದ ಗೇಮ್ ಮಾಡುವವರು ಇವನ್ನೇ ಇಷ್ಟಪಡುತ್ತಾರೆ.

ವಿಡಿಯೊ ಫೈಲಿನೊಳಗಿನ ಆಡಿಯೊ ಬೇಕು, ಎಎಸಿ ಬೇಕು, ಯಾರು ಏನು ತಂದುಕೊಟ್ಟರೂ ತೆರೆಯಬೇಕು ಅಂದರೆ ಎಫ್‌ಎಫ್‌ಎಂಪೆಗ್‌ನ ಲೈಬ್ರರಿಗಳು: ಡಬ್ಬಿ ಬಿಚ್ಚಲು ಲಿಬ್‌ಎವಿಫಾರ್ಮ್ಯಾಟ್, ಡಿಕೋಡ್ ಮಾಡಲು ಲಿಬ್‌ಎವಿಕೋಡೆಕ್, ರೂಪ ಬದಲಿಸಲು ಲಿಬ್‌ಎಸ್‌ಡಬ್ಲ್ಯೂರೀಸ್ಯಾಂಪಲ್. ಶಕ್ತಿ ಬಹಳ, ಕೋಡ್ ಕೂಡ ಬಹಳ. ಒಂದು ವೇವ್ ಓದಲು ಇಷ್ಟೆಲ್ಲ ಕಟ್ಟಿಕೊಳ್ಳುವುದು ಸೂಜಿಯಲ್ಲಿ ಆಗುವ ಕೆಲಸಕ್ಕೆ ದಬ್ಬಳ ಹಿಡಿದಂತೆ. ಮತ್ತೆ ಇದರ ಡಿಕೋಡರ್‌ಗಳು ಎಷ್ಟೋ ಸಲ 'ಪ್ಲೇನಾರ್' ರೂಪದಲ್ಲಿ ಕೊಡುತ್ತವೆ: ಎಡ ಚಾನೆಲ್ ಪೂರ್ತಿ ಒಂದು ಬಫರಿನಲ್ಲಿ, ಬಲದ್ದು ಇನ್ನೊಂದರಲ್ಲಿ. ಲಿಬ್‌ಸೌಂಡ್‌ಫೈಲ್ ಕೊಡುವುದು ಎಡ-ಬಲ-ಎಡ-ಬಲ ಅಂತ ಹೆಣೆದ ಸಾಲು. ಒಂದನ್ನು ಇನ್ನೊಂದು ಅಂದುಕೊಂಡು ಓದಿದರೆ ಕೇಳಿಸುವುದು ಬರೀ ಗೊಜಗೊಜ.

ಪೈಥಾನ್‌ನಲ್ಲಿ ಸೌಂಡ್‌ಫೈಲ್ ಅನ್ನುವ ಪ್ಯಾಕೇಜ್ ಲಿಬ್‌ಸೌಂಡ್‌ಫೈಲಿನ ಮೇಲೆಯೇ ಕೂತಿದೆ. ನಾನು ದಿನಾ ಬಳಸುವುದು ಇದನ್ನೇ. ಭಾಷೆಯ ಜೊತೆಗೇ ಬರುವ ವೇವ್ ಮಾಡ್ಯೂಲ್ ಸಾದಾ ಪಿಸಿಎಂ (ಕುಗ್ಗಿಸದ ಸ್ಯಾಂಪಲ್) ಕೆಲಸಕ್ಕೆ ಸಾಕು, ಆದರೆ ಅದು ಕೊಡುವುದು ಬರೀ ಬೈಟ್. ಅದರ ಜೊತೆಗಾರರಾದ ಆಡಿಯೊಆಪ್, ಎಐಎಫ್‌ಸಿ, ಸನ್‌ಎಯು ಮಾಡ್ಯೂಲ್‌ಗಳನ್ನು ಪೈಥಾನ್ 3.13ರಲ್ಲಿ ತೆಗೆದುಹಾಕಿದ್ದಾರೆ. ಹಳೆಯ ಪಾಠಗಳಲ್ಲಿ ಅವು ಕಂಡರೆ ಮುಂದಕ್ಕೆ ಹೋಗಿ. ಲಿಬ್ರೋಸಾ ಬಳಸುವವರಿಗೆ ಒಂದು ಎಚ್ಚರಿಕೆ: ಅದರ ಲೋಡ್ ಫಂಕ್ಷನ್ ನೀವು ಏನೂ ಹೇಳದಿದ್ದರೆ ಧ್ವನಿಯನ್ನು 22050 ಹರ್ಟ್ಸಿಗೆ ಇಳಿಸಿ, ಮೋನೊ ಮಾಡಿ ಕೊಡುತ್ತದೆ. ವಿಶ್ಲೇಷಣೆಗೆ ಅದು ಸರಿ. ಫೈಲ್ ಬದಲಿಸುವ ಕೆಲಸಕ್ಕೆ ಬಳಸಿದರೆ 11025 ಹರ್ಟ್ಸಿಗಿಂತ ಮೇಲಿನದೆಲ್ಲ ಸದ್ದಿಲ್ಲದೆ ಮಾಯ. ಸ್ಯಾಂಪಲ್ ರೇಟ್ ಜಾಗದಲ್ಲಿ ಪೈಥಾನಿನ 'ನನ್' (None) ಕೊಡಿ, ಮೋನೊ ಆಫ್ ಮಾಡಿ.

ರಸ್ಟ್‌ನಲ್ಲಿ ವೇವ್‌ಗೆ ಹೌಂಡ್, ಉಳಿದ ರೂಪಗಳನ್ನು ಓದಲು ಸಿಂಫೋನಿಯಾ. ಎಸ್‌ಜಿಐ ಅನ್ನುವ ಹಳೆಯ ಕಂಪ್ಯೂಟರ್ ಕಂಪನಿಯ ಕಾಲದ ಆಡಿಯೊ ಫೈಲ್ ಲೈಬ್ರರಿಯ ಹೆಸರು ಹಳೆಯ ಲಿನಕ್ಸ್ ಪ್ರೋಗ್ರಾಂಗಳಲ್ಲಿ ಇನ್ನೂ ಕಾಣುತ್ತದೆ, ಹೊಸ ಕೆಲಸಕ್ಕೆ ಬೇಡ.

ಹಂತ 3: ಓದುವುದು

ಲಿಬ್‌ಸೌಂಡ್‌ಫೈಲ್‌ನಲ್ಲಿ ಹೀಗೆ ನಡೆಯುತ್ತದೆ. ಎಸ್‌ಎಫ್_ಇನ್ಫೋ ಸ್ಟ್ರಕ್ಚರ್ ಒಂದನ್ನು ಮಾಡಿಕೊಳ್ಳಿ, ಪೂರ್ತಿ ಸೊನ್ನೆ ತುಂಬಿ. ಇದನ್ನು ಬಿಡಬೇಡಿ. ಫಾರ್ಮ್ಯಾಟ್ ಜಾಗದಲ್ಲಿ ಕಸ ಇದ್ದರೆ ಒಂದೊಂದು ಸಲ ತೆರೆಯುತ್ತದೆ, ಒಂದೊಂದು ಸಲ ಇಲ್ಲ. ಅಂಥ ಬಗ್ ಹುಡುಕುವಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ. ಆಮೇಲೆ ಎಸ್‌ಎಫ್_ಓಪನ್‌ಗೆ ಫೈಲಿನ ಹೆಸರು, ಓದುವ ಮೋಡ್, ಆ ಸ್ಟ್ರಕ್ಚರಿನ ವಿಳಾಸ ಕೊಡಿ. ವಾಪಸ್ ಬಂದದ್ದು ನಲ್ ಆದರೆ ಎಸ್‌ಎಫ್_ಸ್ಟ್ರ್‌ಎರರ್ ಕರೆದು ಅದು ಹೇಳುವುದನ್ನು ಪ್ರಿಂಟ್ ಮಾಡಿ. ಸುಮ್ನೆ 'ಫೈಲ್ ತೆರೆಯಲಿಲ್ಲ' ಅಂತ ಬರೆದರೆ ನಾಳೆ ನಿಮಗೇ ಕಷ್ಟ.

ತೆರೆದ ಮೇಲೆ ಸ್ಟ್ರಕ್ಚರಿನಲ್ಲಿ ಫ್ರೇಮ್ ಎಷ್ಟು, ರೇಟ್ ಎಷ್ಟು, ಚಾನೆಲ್ ಎಷ್ಟು ಎಲ್ಲ ಸಿಗುತ್ತದೆ. ಹಂತ 1ರಲ್ಲಿ ಬರೆದುಕೊಂಡದ್ದಕ್ಕೆ ತಾಳೆ ಹಾಕಿ.

ಈಗ ಓದುವ ಫಂಕ್ಷನ್. ಎರಡು ಬಗೆ ಇವೆ: ಎಸ್‌ಎಫ್_ರೀಡ್_ಫ್ಲೋಟ್ ಮತ್ತು ಎಸ್‌ಎಫ್_ರೀಡ್‌ಎಫ್_ಫ್ಲೋಟ್. ನಡುವೆ ಒಂದೇ ಒಂದು 'ಎಫ್' ವ್ಯತ್ಯಾಸ. ಮೊದಲನೆಯದಕ್ಕೆ ಸ್ಯಾಂಪಲ್ ಲೆಕ್ಕ ಕೊಡಬೇಕು, ಎರಡನೆಯದಕ್ಕೆ ಫ್ರೇಮ್ ಲೆಕ್ಕ. ಬಫರ್ 4096 ಸ್ಯಾಂಪಲ್ ಇಟ್ಟುಕೊಂಡು, ಸ್ಟೀರಿಯೊ ಫೈಲಿಗೆ ಎರಡನೆಯ ಫಂಕ್ಷನ್ ಕರೆದು 4096 ಅಂದರೆ ಅದು 8192 ಸ್ಯಾಂಪಲ್ ಬರೆಯುತ್ತದೆ. ಬಫರಿನ ಆಚೆಗೆ, ಯಾರದ್ದೋ ಮೆಮೊರಿಗೆ. ಪ್ರೋಗ್ರಾಂ ಇಡೀ ಒಂದೇ ಬಗೆ ಬಳಸಿ. ನನ್ನ ಆಯ್ಕೆ ಫ್ರೇಮಿನದು.

ಲೂಪ್ ಸಾದಾ: ಬಫರ್ ತುಂಬಿಸಿಕೊಳ್ಳಿ, ಬಂದ ಸಂಖ್ಯೆ ನೋಡಿ, ಸೊನ್ನೆ ಬಂದರೆ ನಿಲ್ಲಿ. ಕೊನೆಯ ಸಲ ಬಫರ್ ಪೂರ್ತಿ ತುಂಬಿರುವುದಿಲ್ಲ. ಅಲ್ಲಿ ಬಂದಷ್ಟನ್ನೇ ಬಳಸಿ. ಇಲ್ಲದಿದ್ದರೆ ಹಿಂದಿನ ಸುತ್ತಿನ ಬಾಲ ಮತ್ತೊಮ್ಮೆ ಕೇಳಿಸುತ್ತದೆ.

ಫ್ಲೋಟ್ ಯಾಕೆ ಅಂತ ಕೇಳಬಹುದು. ಒಳಗೆ 8 ಬಿಟ್ ಇರಲಿ, 24 ಇರಲಿ, ಫ್ಲೋಟಿಗೆ ಓದಿದರೆ ಎಲ್ಲವೂ -1ರಿಂದ 1ರ ನಡುವೆ ಬರುತ್ತವೆ. ರೂಪಗಳ ನಡುವೆ ವಿಚಿತ್ರಗಳು ಬಹಳ. ವೇವ್‌ನಲ್ಲಿ 8 ಬಿಟ್ ಅಂದರೆ 0ರಿಂದ 255, ಮೌನ ಅಂದರೆ 128. ಎಐಎಫ್‌ಎಫ್‌ನಲ್ಲಿ ಅದೇ 8 ಬಿಟ್‌ಗೆ ಚಿಹ್ನೆ ಇದೆ, ಮೌನ ಅಂದರೆ 0. ವೇವ್ ಸಣ್ಣ ಬೈಟ್ ಮೊದಲು ಇಡುತ್ತದೆ, ಎಐಎಫ್‌ಎಫ್ ದೊಡ್ಡ ಬೈಟ್ ಮೊದಲು. 24 ಬಿಟ್ ಸ್ಯಾಂಪಲಿಗೆ ಮೂರು ಬೈಟ್, ಸಿಯಲ್ಲಿ ಅಂಥ ಸಂಖ್ಯೆಯೇ ಇಲ್ಲ. ಎಐಎಫ್‌ಎಫ್ ತನ್ನ ಸ್ಯಾಂಪಲ್ ರೇಟನ್ನು 80 ಬಿಟ್ ಫ್ಲೋಟಾಗಿ ಇಡುತ್ತದೆ! 44100 ಅನ್ನುವ ಪೂರ್ಣಾಂಕಕ್ಕೆ 10 ಬೈಟ್. ಈ ಎಲ್ಲ ತಲೆಹರಟೆಯನ್ನು ಲೈಬ್ರರಿ ನುಂಗಿಕೊಳ್ಳಲಿ.

ತಿರುಗಿಸಿ ಮಾಡಿದರೆ ಪಜೀತಿ. ಫ್ಲೋಟ್ ಇರುವ ವೇವ್ ಫೈಲನ್ನು ಪೂರ್ಣಾಂಕದ ಫಂಕ್ಷನ್‌ನಿಂದ ಓದಿದರೆ ಲಿಬ್‌ಸೌಂಡ್‌ಫೈಲ್ ತಾನಾಗಿ ಹಿಗ್ಗಿಸುವುದಿಲ್ಲ. 0.73 ಬರೀ ಪೂರ್ಣಾಂಕವಾಗಿಬಿಡುತ್ತದೆ, ಫೈಲ್ ಇಡೀ 0, 1, -1. ಕೇಳಿದರೆ ಮೌನ ಅಥವಾ ಚರಚರ. ಎಸ್‌ಎಫ್_ಕಮಾಂಡ್ ಮೂಲಕ 'ಸ್ಕೇಲ್ ಫ್ಲೋಟ್ ಇಂಟ್ ರೀಡ್' ಅನ್ನುವುದನ್ನು ಆನ್ ಮಾಡಿದರೆ ಸರಿಹೋಗುತ್ತದೆ.

ಒಂದು ಕಡೆ ಮಾತ್ರ ಫ್ಲೋಟ್ ಬೇಡ. ಸ್ಯಾಂಪಲ್ ಮುಟ್ಟದೆ ಬರೀ ಡಬ್ಬಿ ಬದಲಿಸುತ್ತಿದ್ದೀರಿ, ಉದಾಹರಣೆಗೆ 16 ಬಿಟ್ ವೇವ್‌ನಿಂದ 16 ಬಿಟ್ ಎಐಎಫ್‌ಎಫ್‌ಗೆ ಅಥವಾ ಫ್ಲಾಕ್‌ಗೆ. ಆಗ ಪೂರ್ಣಾಂಕದಲ್ಲೇ ಓದಿ, ಪೂರ್ಣಾಂಕದಲ್ಲೇ ಬರೆಯಿರಿ. ಕಾರಣ ಇದು: 16 ಬಿಟ್ ಸಂಖ್ಯೆ -32768ರಿಂದ 32767. ಫ್ಲೋಟಿಗೆ ಹೋಗುವಾಗ 32768ರಿಂದ ಭಾಗಿಸಿ, ಬರುವಾಗ 32767ರಿಂದ ಗುಣಿಸುವ ಕೋಡ್ ಎಲ್ಲ ಕಡೆ ಇದೆ. ಕಿವಿಗೆ ಗೊತ್ತಾಗುವುದಿಲ್ಲ. ಆದರೆ ದೊಡ್ಡ ಸ್ಯಾಂಪಲ್‌ಗಳು ಒಂದೊಂದು ಅಂಕಿ ಕಡಿಮೆಯಾಗಿ, ಎರಡು ಫೈಲ್ ತದ್ರೂಪಿ ಅಂತ ಹೇಳುವ ಹಾಗಿಲ್ಲ.

ಪೈಥಾನ್ ಸೌಂಡ್‌ಫೈಲಿನಲ್ಲಿ ಇಷ್ಟೆಲ್ಲ ಒಂದೇ ಸಾಲು. ರೀಡ್ ಕರೆದರೆ ಅರೇ ಮತ್ತು ರೇಟ್ ಎರಡೂ ಬರುತ್ತವೆ. ಒಂದು ಸಣ್ಣ ಕಿರಿಕಿರಿ: ಸ್ಟೀರಿಯೊ ಆದರೆ ಎರಡು ಆಯಾಮದ ಅರೇ, ಮೋನೊ ಆದರೆ ಒಂದೇ ಆಯಾಮ. 'ಆಲ್ವೇಸ್_2ಡಿ' ಆನ್ ಮಾಡಿಟ್ಟರೆ ಮುಂದಿನ ಕೋಡಿನಲ್ಲಿ 'ಮೋನೊ ಆದರೆ ಹೀಗೆ, ಇಲ್ಲದಿದ್ದರೆ ಹಾಗೆ' ಅನ್ನುವ ಗೋಜಿರುವುದಿಲ್ಲ.

ಹಂತ 4: ಸ್ಯಾಂಪಲ್ ರೇಟ್ ಬದಲಿಸುವುದು

ಲಿಬ್‌ಸೌಂಡ್‌ಫೈಲ್ ಇದನ್ನು ಮಾಡುವುದಿಲ್ಲ. ಇನ್ಫೋ ಸ್ಟ್ರಕ್ಚರಿನಲ್ಲಿ 48000 ಅಂತ ಬರೆದು ಹಳೆಯ ಸ್ಯಾಂಪಲ್‌ಗಳನ್ನೇ ಹಾಕಿದರೆ ಧ್ವನಿ ಬೇಗ ಓಡಿ, ಸ್ವರ ಏರುತ್ತದೆ, ಅಷ್ಟೆ.

48000ರಿಂದ 16000ಕ್ಕೆ ಇಳಿಸಬೇಕು, ಮೂರಕ್ಕೊಂದು ಸ್ಯಾಂಪಲ್ ಆರಿಸಿದರೆ ಆಯಿತು ಅಂತ ಅನ್ನಿಸಬಹುದು. ಮಾಡಿ ನೋಡಿ. 10000 ಹರ್ಟ್ಸಿನ ಶಿಳ್ಳೆ ಇದ್ದ ಫೈಲಿನಲ್ಲಿ ಈಗ 6000 ಹರ್ಟ್ಸಿನ ಶಿಳ್ಳೆ ಕೇಳುತ್ತದೆ. ಇಲ್ಲದ ಸ್ವರ ಹುಟ್ಟಿಕೊಂಡಿತು. 16000 ರೇಟಿನಲ್ಲಿ 8000ದವರೆಗೆ ಮಾತ್ರ ಜಾಗ. ಅದಕ್ಕಿಂತ ಮೇಲಿನದು ಕನ್ನಡಿಯಲ್ಲಿ ಕಂಡಂತೆ ಕೆಳಗೆ ಮಡಚಿಕೊಳ್ಳುತ್ತದೆ. ಇದಕ್ಕೆ ಅಲಿಯಾಸಿಂಗ್ ಅನ್ನುತ್ತಾರೆ. ಒಮ್ಮೆ ಮಡಚಿದರೆ ಬಿಡಿಸಲಾಗುವುದಿಲ್ಲ. ರೀಸ್ಯಾಂಪಲರ್ ಮೊದಲು ಮೇಲಿನದನ್ನು ಸೋಸಿ, ಆಮೇಲೆ ಇಳಿಸುತ್ತದೆ.

ಇದಕ್ಕೆ ಲಿಬ್‌ಸ್ಯಾಂಪಲ್‌ರೇಟ್ ಇದೆ. ಅದೇ ಲೋಪೊ ಅವರದು, ಸೀಕ್ರೆಟ್ ರ್‍ಯಾಬಿಟ್ ಕೋಡ್ ಅಂತ ತಮಾಷೆಯ ಹೆಸರೂ ಉಂಟು. ಮೊದಲು ಜಿಪಿಎಲ್ ಇತ್ತು, 2016ರಿಂದ ಬಿಎಸ್‌ಡಿ ಲೈಸೆನ್ಸ್. ಗುಣಮಟ್ಟದ ಐದು ಮೆಟ್ಟಿಲು: ಸಿಂಕ್ ಬಗೆಯಲ್ಲಿ ಉತ್ತಮ, ಮಧ್ಯಮ, ವೇಗದ್ದು ಅಂತ ಮೂರು, ಜೊತೆಗೆ ಲೀನಿಯರ್, ಝೀರೊ ಆರ್ಡರ್ ಹೋಲ್ಡ್. ಕೊನೆಯ ಎರಡನ್ನು ಫೈಲ್ ಬದಲಿಸುವ ಕೆಲಸಕ್ಕೆ ಬಳಸಬೇಡಿ. ಫೈಲ್ ಒಂದೇ ಸಲ ಬದಲಾಗುವುದು ಅಲ್ವಾ? ಉತ್ತಮವಾದದ್ದನ್ನೇ ಹಾಕಿ, ಕಾಯಿರಿ. ಇನ್ನೊಂದು ಒಳ್ಳೆಯ ಆಯ್ಕೆ ಸಾಕ್ಸ್‌ನಿಂದ ಬೇರೆಯಾಗಿ ಬಂದ ಲಿಬ್‌ಸಾಕ್ಸರ್. ಅದು ವೇಗವಾಗಿದೆ, ಎಫ್‌ಎಫ್‌ಎಂಪೆಗ್ ಒಳಗೂ ಆಯ್ಕೆಯಾಗಿ ಸೇರಿಸಬಹುದು.

ಬಳಸುವ ದಾರಿ ಎರಡು. ಪೂರ್ತಿ ಫೈಲ್ ಮೆಮೊರಿಯಲ್ಲಿದ್ದರೆ ಎಸ್‌ಆರ್‌ಸಿ_ಸಿಂಪಲ್ ಒಂದೇ ಕರೆ. ತುಂಡು ತುಂಡಾಗಿ ಓದುತ್ತಿದ್ದರೆ ಎಸ್‌ಆರ್‌ಸಿ_ಪ್ರೊಸೆಸ್. ಪ್ರತಿ ತುಂಡಿಗೂ ಸಿಂಪಲ್ ಕರೆಯಬೇಡಿ. ಪ್ರತಿ ಸಲವೂ ಅದು ಹಿಂದಿನದನ್ನು ಮರೆತು ಹೊಸದಾಗಿ ಶುರು ಮಾಡುತ್ತದೆ, ಎರಡು ತುಂಡು ಸೇರುವಲ್ಲೆಲ್ಲ ಕ್ಲಿಕ್ ಬರುತ್ತದೆ. ಸೆಕೆಂಡಿಗೆ ಹತ್ತು ಸಲ ಟಿಕ್ ಟಿಕ್ ಕೇಳಿದರೆ ಕಾರಣ ಇದೇ.

ಎಸ್‌ಆರ್‌ಸಿ_ಪ್ರೊಸೆಸ್‌ನಲ್ಲಿ ಗಮನಿಸಬೇಕಾದ್ದು ಮೂರು. ರೇಶಿಯೊ ಅಂದರೆ ಹೊಸ ರೇಟ್ ಭಾಗಿಸು ಹಳೆಯ ರೇಟ್, 44100ರಿಂದ 48000ಕ್ಕೆ ಅದು 160/147, ಉಲ್ಟಾ ಹಾಕಬೇಡಿ. ಎರಡನೆಯದು, ಕೊಟ್ಟ ಫ್ರೇಮ್ ಎಲ್ಲವನ್ನೂ ಅದು ನುಂಗಲೇಬೇಕು ಅಂತಿಲ್ಲ. ಎಷ್ಟು ಬಳಸಿತು, ಎಷ್ಟು ಹುಟ್ಟಿಸಿತು ಎರಡನ್ನೂ ಹೇಳುತ್ತದೆ. ಬಳಸದೆ ಉಳಿದದ್ದನ್ನು ಬಫರಿನ ಮುಂದಕ್ಕೆ ಸರಿಸಿ ಮುಂದಿನ ಸುತ್ತಿಗೆ ಸೇರಿಸಿ. ಮೂರನೆಯದು, ಫೈಲ್ ಮುಗಿದಾಗ 'ಎಂಡ್ ಆಫ್ ಇನ್‌ಪುಟ್' ಅನ್ನು 1 ಮಾಡಿ, ಹುಟ್ಟುವ ಫ್ರೇಮ್ ಸೊನ್ನೆ ಆಗುವವರೆಗೆ ಕರೆಯುತ್ತಿರಿ. ಇಲ್ಲದಿದ್ದರೆ ಫಿಲ್ಟರಿನೊಳಗೆ ಸಿಕ್ಕಿಕೊಂಡ ಕೊನೆಯ ತುಣುಕು ಹೊರಗೆ ಬರುವುದೇ ಇಲ್ಲ. ಡ್ರಮ್ ಹೊಡೆತದಂಥ ಸಣ್ಣ ಫೈಲುಗಳಲ್ಲಿ ಈ ನಷ್ಟ ಎದ್ದು ಕಾಣುತ್ತದೆ.

ಇನ್ನೊಂದು ಮಾತು. ರೀಸ್ಯಾಂಪಲ್ ಆದ ಮೇಲೆ ಕೆಲವು ಸ್ಯಾಂಪಲ್‌ಗಳು 1 ದಾಟಬಹುದು. ಹಳೆಯ ಸ್ಯಾಂಪಲ್‌ಗಳ ನಡುವೆ ಅಡಗಿದ್ದ ಶಿಖರಗಳು ಈಗ ಹೊರಗೆ ಬಂದಿರುತ್ತವೆ. ಫ್ಲೋಟಿನಲ್ಲಿ ಇದ್ದರೆ ತೊಂದರೆ ಇಲ್ಲ. ಪೂರ್ಣಾಂಕಕ್ಕೆ ಬರೆಯುವಾಗ ತೊಂದರೆ. ಅದೇ ಮುಂದಿನ ಹಂತ.

ಹಂತ 5: ಬರೆಯುವುದು

ಬರೆಯಲು ತೆರೆಯುವ ಮೊದಲು ಇನ್ಫೋ ಸ್ಟ್ರಕ್ಚರಿನಲ್ಲಿ ರೇಟ್, ಚಾನೆಲ್, ಫಾರ್ಮ್ಯಾಟ್ ತುಂಬಿ. ಫಾರ್ಮ್ಯಾಟ್ ಅಂದರೆ ಡಬ್ಬಿ ಮತ್ತು ಒಳಗಿನ ರೂಪ ಎರಡೂ ಸೇರಿದ್ದು. ಎಲ್ಲ ಜೋಡಿಯೂ ನಡೆಯುವುದಿಲ್ಲ, ಫ್ಲಾಕ್ ಡಬ್ಬಿಯಲ್ಲಿ ಫ್ಲೋಟ್ ಇಡಲಾಗುವುದಿಲ್ಲ. ಎಸ್‌ಎಫ್_ಫಾರ್ಮ್ಯಾಟ್_ಚೆಕ್ ಮೊದಲೇ ಹೌದು-ಅಲ್ಲ ಹೇಳುತ್ತದೆ.

1 ದಾಟಿದ ಸ್ಯಾಂಪಲ್ ಇದ್ದರೆ ಏನಾಗುತ್ತದೆ? 1.01ನ್ನು 32767ರಿಂದ ಗುಣಿಸಿದರೆ 33094ರ ಮೇಲೆ. 16 ಬಿಟ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಸುತ್ತು ಹೊಡೆದು -32442 ಆಗುತ್ತದೆ. ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಂದೇ ಜಿಗಿತ. ಪಟಾರ್ ಅಂತ ಸದ್ದು. ಸಿಯಲ್ಲಿ 'ಸೆಟ್ ಕ್ಲಿಪ್ಪಿಂಗ್' ಕಮಾಂಡನ್ನು ನೀವೇ ಆನ್ ಮಾಡಬೇಕು, ಆಗ ಅದು 32767ಕ್ಕೇ ನಿಲ್ಲುತ್ತದೆ. ಪೈಥಾನ್ ಸೌಂಡ್‌ಫೈಲ್ ತಾನೇ ಆನ್ ಮಾಡಿಕೊಂಡಿರುತ್ತದೆ. ಅದಕ್ಕಿಂತ ಒಳ್ಳೆಯದು, ಬರೆಯುವ ಮೊದಲು ಗರಿಷ್ಠ ಎಷ್ಟು ಅಂತ ನೋಡಿ, 1 ದಾಟಿದ್ದರೆ ಇಡೀ ಫೈಲನ್ನು ಸ್ವಲ್ಪ ತಗ್ಗಿಸುವುದು.

24 ಬಿಟ್‌ನಿಂದ 16ಕ್ಕೆ ಇಳಿಸುವಾಗ ಡಿದರ್ ಹಾಕಿ. ಅಂದರೆ ಕತ್ತರಿಸುವ ಮೊದಲು ಒಂದು ಚೂರು ಯಾದೃಚ್ಛಿಕ ಸದ್ದು ಸೇರಿಸುವುದು. ವಿಚಿತ್ರ ಅನ್ನಿಸಬಹುದು, ಆದರೆ ಅದಿಲ್ಲದಿದ್ದರೆ ಸ್ವರ ಕ್ಷೀಣಿಸುತ್ತಾ ಹೋಗುವ ಕೊನೆಯಲ್ಲಿ ಒರಟಾದ ಗರಗರ ಕೇಳುತ್ತದೆ. ಮಾಡುವುದು ಸುಲಭ: -0.5ರಿಂದ 0.5ರ ನಡುವಿನ ಎರಡು ಯಾದೃಚ್ಛಿಕ ಸಂಖ್ಯೆಗಳನ್ನು ಕೂಡಿಸಿ, 16 ಬಿಟ್ ಅಳತೆಗೆ ಹಿಗ್ಗಿಸಿದ ಸ್ಯಾಂಪಲಿಗೆ ಸೇರಿಸಿ, ಹತ್ತಿರದ ಪೂರ್ಣಾಂಕಕ್ಕೆ ತನ್ನಿ. ಒಂದೇ ಸಲ, ಕಟ್ಟಕಡೆಯಲ್ಲಿ. ಎರಡು ಕಡೆ ಹಾಕಿದರೆ ಬರೀ ಸದ್ದು ಜಾಸ್ತಿ.

ಕೊನೆಗೆ ಎಸ್‌ಎಫ್_ಕ್ಲೋಸ್. ಫೈಲಿನ ಉದ್ದ ಹೆಡರಿಗೆ ಸರಿಯಾಗಿ ಸೇರುವುದು ಅಲ್ಲೇ. ಪ್ರೋಗ್ರಾಂ ನಡುವೆ ಬಿದ್ದುಹೋದರೆ ಸ್ಯಾಂಪಲ್ ಡಿಸ್ಕಿನಲ್ಲಿ ಇದ್ದರೂ ಹೆಡರ್ 'ಏನೂ ಇಲ್ಲ' ಅನ್ನುತ್ತದೆ. ಗಂಟೆಗಟ್ಟಲೆ ರೆಕಾರ್ಡ್ ಮಾಡುವ ಪ್ರೋಗ್ರಾಂ ಆದರೆ 'ಅಪ್‌ಡೇಟ್ ಹೆಡರ್ ಆಟೋ' ಕಮಾಂಡ್ ಹಾಕಿಡಿ. ಹಾಗೇ, ವೇವ್ ಹೆಡರಿನಲ್ಲಿ ಉದ್ದಕ್ಕೆ 32 ಬಿಟ್ ಮಾತ್ರ ಜಾಗ, 4 ಗಿಗಾಬೈಟ್ ದಾಟುವ ಹಾಗಿಲ್ಲ. ಉದ್ದದ ರೆಕಾರ್ಡಿಂಗಿಗೆ ಆರ್‌ಎಫ್64 ಅಥವಾ ಡಬ್ಲ್ಯೂ64 ಆರಿಸಿ.

ಹಂತ 6: ಜೊತೆಗಿದ್ದ ಮಾಹಿತಿಯನ್ನು ಬೀಳಿಸಬೇಡಿ

ಸ್ಯಾಂಪ್ಲರ್ ವಾದ್ಯಗಳಿಗೆ (ರೆಕಾರ್ಡ್ ಮಾಡಿದ ಧ್ವನಿಯನ್ನೇ ಸ್ವರವಾಗಿ ನುಡಿಸುವಂಥವು) ಫೈಲ್ ತಯಾರಿಸುವವರು ಇಲ್ಲೇ ಅಳುವುದು. ವೇವ್‌ನೊಳಗೆ 'ಎಸ್‌ಎಂಪಿಎಲ್' ಅನ್ನುವ ಚಂಕ್ ಇರಬಹುದು. ಸ್ವರ ಯಾವುದು (ಮಿಡಿಯಲ್ಲಿ ಮಧ್ಯದ ಸಿ ಅಂದರೆ 60), ಲೂಪ್ (ಮತ್ತೆ ಮತ್ತೆ ನುಡಿಯುವ ತುಂಡು) ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಲ್ಲ ಅದರಲ್ಲಿ. ಓದಿ ಬರೆಯುವ ಸಾದಾ ಕೋಡ್ ಇದನ್ನು ತಾನಾಗಿ ಸಾಗಿಸುವುದಿಲ್ಲ. ಲಿಬ್‌ಸೌಂಡ್‌ಫೈಲ್‌ನಲ್ಲಿ 'ಗೆಟ್ ಇನ್‌ಸ್ಟ್ರುಮೆಂಟ್' ಕಮಾಂಡಿನಿಂದ ತೆಗೆದು, ಹೊಸ ಫೈಲಿನಲ್ಲಿ ಧ್ವನಿ ಬರೆಯುವ ಮೊದಲೇ 'ಸೆಟ್ ಇನ್‌ಸ್ಟ್ರುಮೆಂಟ್' ಮಾಡಿ. ಬೆಕ್ಸ್ಟ್‌ಗೆ ಬ್ರಾಡ್‌ಕಾಸ್ಟ್ ಇನ್ಫೋ ಕಮಾಂಡ್, ಹೆಸರು-ಕಲಾವಿದ ಮುಂತಾದವಕ್ಕೆ ಎಸ್‌ಎಫ್_ಗೆಟ್_ಸ್ಟ್ರಿಂಗ್, ಎಸ್‌ಎಫ್_ಸೆಟ್_ಸ್ಟ್ರಿಂಗ್.

ರೇಟ್ ಬದಲಾದರೆ ಲೂಪ್ ಬಿಂದುಗಳೂ ಬದಲಾಗಬೇಕು. 44100ರಲ್ಲಿ 22050ನೇ ಫ್ರೇಮಿನಲ್ಲಿದ್ದ ಶುರು, 48000ಕ್ಕೆ ಬಂದಾಗ 24000. ಈ ಲೆಕ್ಕ ಸಲೀಸು. ಎಲ್ಲವೂ ಹೀಗಿರುವುದಿಲ್ಲ. 100 ಫ್ರೇಮಿನ ಒಂದೇ ಅಲೆಯ ಲೂಪ್ ತೆಗೆದುಕೊಳ್ಳಿ. 44100ರಲ್ಲಿ ಅದು 441 ಹರ್ಟ್ಸ್. 48000ರಲ್ಲಿ ಉದ್ದ 108.84 ಫ್ರೇಮ್ ಆಗಬೇಕು. 109 ಅಂತ ದುಂಡು ಮಾಡಿದರೆ ಸ್ವರ 440.37 ಹರ್ಟ್ಸ್, ಅಂದರೆ ಎರಡೂವರೆ ಸೆಂಟ್ ಇಳಿಯಿತು (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್). ಲೂಪಿಗೆ ಮೊದಲಿನ ಭಾಗ ಸರಿಯಾಗಿದ್ದು, ಲೂಪ್ ಶುರುವಾದ ಕೂಡಲೇ ಸ್ವರ ಒಂದು ಕೂದಲೆಳೆ ಜಾರುತ್ತದೆ. ಇಂಥ ಸಣ್ಣ ಲೂಪ್ ಇರುವ ಫೈಲುಗಳ ರೇಟನ್ನು ನಾನು ಮುಟ್ಟುವುದೇ ಇಲ್ಲ, ನುಡಿಸುವಾಗ ಸ್ಯಾಂಪ್ಲರ್ ನೋಡಿಕೊಳ್ಳಲಿ. ಇನ್ನೊಂದು ಬಲೆ: ಎಸ್‌ಎಂಪಿಎಲ್ ಚಂಕಿನಲ್ಲಿ ಲೂಪಿನ ಕೊನೆಯ ಫ್ರೇಮ್ ಕೂಡ ನುಡಿಯುತ್ತದೆ. ಕೆಲವು ಪ್ರೋಗ್ರಾಂಗಳು ಕೊನೆ ಅಂದರೆ ಅದರ ಮುಂದಿನ ಫ್ರೇಮ್ ಅಂದುಕೊಳ್ಳುತ್ತವೆ. ಒಂದು ಫ್ರೇಮ್ ಆಚೀಚೆ ಆದರೂ ಸಣ್ಣ ಲೂಪಿನಲ್ಲಿ ಕಿವಿಗೆ ಬೀಳುತ್ತದೆ.

ಲೂಪ್ ಇರುವ ಸ್ಯಾಂಪಲನ್ನು ಎಂಪಿ3 ಮಾಡಬೇಡಿ. ಎಂಪಿ3 1152 ಸ್ಯಾಂಪಲ್‌ಗಳ ಕಟ್ಟುಗಳಲ್ಲಿ ಕೆಲಸ ಮಾಡುತ್ತದೆ. ಶುರುವಿನಲ್ಲಿ ಎನ್‌ಕೋಡರ್, ಡಿಕೋಡರ್ ಎರಡೂ ಸೇರಿ ಒಂದಿಷ್ಟು ಮೌನ ಹಾಕುತ್ತವೆ, ಕೊನೆಯಲ್ಲೂ ತುಂಬಿಸುತ್ತವೆ. ವಾಪಸ್ ತಂದರೆ ಉದ್ದವೂ ಹೊಂದುವುದಿಲ್ಲ, ಬಿಂದುಗಳೂ ಹೊಂದುವುದಿಲ್ಲ. ಜಾಗ ಉಳಿಸಬೇಕಾದರೆ ಫ್ಲಾಕ್ ಇದೆ, ಒಂದು ಬಿಟ್ ಕೂಡ ಕಳೆಯುವುದಿಲ್ಲ.

ಹಂತ 7: ಪರೀಕ್ಷೆ

ಕಿವಿಯನ್ನು ಮಾತ್ರ ನಂಬಿ ಕೂರಬೇಡಿ. ಡಬ್ಬಿ ಮಾತ್ರ ಬದಲಿಸಿದ್ದರೆ ಸೌಂಡ್‌ಫೈಲ್-ಸಿಎಂಪಿ ಎರಡು ಫೈಲಿನ ಧ್ವನಿ ಒಂದೇನಾ ಅಂತ ಹೇಳುತ್ತದೆ. ರೇಟ್ ಬದಲಿಸಿದ್ದರೆ ಮತ್ತೆ ಹಳೆಯ ರೇಟಿಗೆ ತಂದು, ಮೂಲದಿಂದ ಕಳೆಯಿರಿ. ಉಳಿದದ್ದನ್ನು ಜೋರಾಗಿ ಕೇಳಿ. ಹೆಚ್ಚುಕಡಿಮೆ ಮೌನ ಇದ್ದರೆ ಸರಿ. ಮೂಲದ ಹಾಡೇ ತೆಳುವಾಗಿ ಕೇಳಿದರೆ ಮಟ್ಟ ಬದಲಾಗಿದೆ ಅಥವಾ ಒಂದೆರಡು ಫ್ರೇಮ್ ಸರಿದಿದೆ. ಕೊನೆಯಲ್ಲಿ ಮಾತ್ರ ಕೇಳಿದರೆ ಬಾಲ ಕತ್ತರಿಸಿದೆ, ಹಂತ 4ರ 'ಎಂಡ್ ಆಫ್ ಇನ್‌ಪುಟ್' ನೋಡಿ.

ಪರೀಕ್ಷೆಗೆ ಅಂತ ಒಂದು ಫೋಲ್ಡರ್ ಇಟ್ಟುಕೊಳ್ಳಿ. ನನ್ನದರಲ್ಲಿ 8 ಬಿಟ್ ಮೋನೊ, 24 ಬಿಟ್ ಸ್ಟೀರಿಯೊ, ಫ್ಲೋಟ್, ಆರು ಚಾನೆಲ್, ಬೆಕ್ಸ್ಟ್ ಇರುವುದು, ಲೂಪ್ ಇರುವುದು, ಪೈಪ್ ಮೂಲಕ ಬರೆದದ್ದರಿಂದ ಹೆಡರಿನಲ್ಲಿ ಉದ್ದ ತಪ್ಪಿರುವುದು, ಒಂದೂ ಫ್ರೇಮ್ ಇಲ್ಲದ್ದು, ಹೀಗೆ ಒಂದೊಂದು ಇವೆ. 8 ಬಿಟ್ ಫೈಲಿನ ಉದ್ದ ಬೆಸ ಸಂಖ್ಯೆ ಇರಲಿ. ಚಂಕಿನ ಅಳತೆ ಬೆಸ ಆದರೆ ಕೊನೆಗೆ ಲೆಕ್ಕಕ್ಕಿಲ್ಲದ ಒಂದು ಬೈಟ್ ಸೇರಿಸಬೇಕು ಅಂತ ನಿಯಮ. ಅದನ್ನು ಮರೆತ ಪ್ರೋಗ್ರಾಂ ಮುಂದಿನ ಚಂಕಿನ ಹೆಸರನ್ನು ಒಂದು ಅಕ್ಷರ ಆಚೀಚೆ ಓದುತ್ತದೆ, ಆಮೇಲೆ ಏನೂ ಸಿಗುವುದಿಲ್ಲ. ಒಂದೂ ಫ್ರೇಮ್ ಇಲ್ಲದ ಫೈಲನ್ನೂ ಕೊಟ್ಟು ನೋಡಿ. ಅದರಲ್ಲಿ ಗರಿಷ್ಠ ಹುಡುಕಿದರೆ ಸೊನ್ನೆ ಬರುತ್ತದೆ, ಮಟ್ಟ ಸರಿಮಾಡುವ ಕೋಡ್ ಅದರಿಂದ ಭಾಗಿಸಲು ಹೋಗುತ್ತದೆ.